ತನ್ನನ್ನು ತಾನೇ ಕಟ್ಟಿಕೊಳ್ಳುವ ವಿವೇಕ

ಗ್ರಾಹಕರಿಂದ ಸಂಗ್ರಹಿಸಿದ ಜಿಎಸ್‌ಟಿ ತನ್ನ ಹಣವಲ್ಲವೆಂದು ಪ್ರತಿಯೊಬ್ಬ ವರ್ತಕನೂ ಬಲ್ಲನು. ಆದರೂ ಪಾವತಿಯ ದಿನ ಬರುವಷ್ಟರಲ್ಲಿ ಅದು ಸರಕು ಖರೀದಿಗೋ ಮನೆಯ ಖರ್ಚಿಗೋ ಕರಗಿರುವುದುಂಟು. ಬಲ್ಲವನೂ ತನ್ನ ಹಿತಕ್ಕೆ ವಿರುದ್ಧವಾಗಿ ನಡೆಯುವುದೇಕೆ? 1940ರಲ್ಲಿ ನಾರ್ವೆಯಲ್ಲಿ ಜನಿಸಿದ ತತ್ತ್ವಶಾಸ್ತ್ರಜ್ಞ ಯಾನ್ ಎಲ್ಸ್ಟರ್ ಹಲವು ದಶಕ ಶೋಧಿಸಿದ ಪ್ರಶ್ನೆಗಳಲ್ಲಿ ಇದು ಮುಖ್ಯವಾದುದು.

ಅವರ 'ಯುಲಿಸಿಸ್ ಅಂಡ್ ದಿ ಸೈರನ್ಸ್' (1979) ಗ್ರಂಥದ ಹೆಸರು ಗ್ರೀಕ್ ಕಥೆಯಿಂದ ಬಂದುದು. ಸೈರನ್‌ಗಳ ಗಾನಕ್ಕೆ ಮರುಳಾದ ನಾವಿಕರು ಪ್ರಾಣ ಕಳೆದುಕೊಳ್ಳುತ್ತಿದ್ದರು. ಇದನ್ನರಿತ ಯುಲಿಸಿಸ್ ಸಂಗಡಿಗರ ಕಿವಿಗೆ ಮೇಣ ತುಂಬಿ, ತನ್ನನ್ನು ಹಡಗಿನ ಕೂವೆಕಂಬಕ್ಕೆ ಕಟ್ಟಿಸಿಕೊಂಡನು. ತನ್ನ ದೌರ್ಬಲ್ಯವನ್ನು ಬಲ್ಲವನು ಮುಂಚಿತವಾಗಿ ಕಟ್ಟುಬೀಳುವುದೂ ವಿವೇಕವೇ ಎಂಬುದು ಎಲ್ಸ್ಟರ್ ಪ್ರತಿಪಾದನೆ.

ವ್ಯಸನವೂ ಲಾಭನಷ್ಟ ಲೆಕ್ಕ ಹಾಕಿ ಮಾಡಿದ ಆಯ್ಕೆಯೆಂದು ಅರ್ಥಶಾಸ್ತ್ರಜ್ಞರಾದ ಗ್ಯಾರಿ ಬೆಕರ್ ಮತ್ತು ಕೆವಿನ್ ಮರ್ಫಿ 1988ರಲ್ಲಿ ವಿವರಿಸಿದರು. ಎಲ್ಸ್ಟರ್ ಇದನ್ನು ಒಪ್ಪಲಿಲ್ಲ. ಭಾವೋದ್ವೇಗವೂ ವ್ಯಸನದ ತೀವ್ರ ಬಯಕೆಯೂ ವಿವೇಚನೆಯನ್ನೇ ಮಸುಕುಗೊಳಿಸಬಲ್ಲವೆಂದು 'ಸ್ಟ್ರಾಂಗ್ ಫೀಲಿಂಗ್ಸ್' (1999) ಗ್ರಂಥದಲ್ಲಿ ವಾದಿಸಿದರು. ಮನೋವೈದ್ಯರು ಮದ್ಯವ್ಯಸನಿಗಳಿಗೆ ನೀಡುವ ಡೈಸಲ್ಫಿರಾಂ ಗುಳಿಗೆಯೂ ಒಂದು ಕಟ್ಟೇ. ಅದನ್ನು ಸೇವಿಸಿದವನು ಕುಡಿದರೆ ವಾಂತಿ, ಎದೆಬಡಿತಗಳಿಂದ ಬಳಲುತ್ತಾನೆ.

ಕೈಗೆಟುಕದ ದ್ರಾಕ್ಷಿ ಹುಳಿಯೆಂಬ ಮಾತನ್ನು ಅವರು 'ಸೋರ್ ಗ್ರೇಪ್ಸ್' (1983) ಗ್ರಂಥದಲ್ಲಿ ನೀತಿಶಾಸ್ತ್ರದ ಪ್ರಶ್ನೆಯಾಗಿಸಿದರು. ಸಿಗದುದನ್ನು ಬೇಡವೆಂದುಕೊಂಡವನ ತೃಪ್ತಿಯು ಸಮಾಜದ ಹಿತಕ್ಕೆ ಅಳತೆಗೋಲಾಗಬಲ್ಲುದೇ?

ರಾಜ್ಯಾಂಗಗಳನ್ನೂ ಅವರು ಇದೇ ದೃಷ್ಟಿಯಿಂದ ಪರಿಶೀಲಿಸಿದರು. ಆದರೆ ರಾಜ್ಯಾಂಗ ರಚಿಸುವವರು ಅನೇಕ ವೇಳೆ ತಮ್ಮನ್ನಲ್ಲ, ಇತರರನ್ನು ಕಟ್ಟುತ್ತಾರೆಂದು 'ಯುಲಿಸಿಸ್ ಅನ್‌ಬೌಂಡ್' (2000) ಗ್ರಂಥದಲ್ಲಿ ತಮ್ಮ ಹಿಂದಿನ ನಿಲುವನ್ನೇ ತಿದ್ದಿಕೊಂಡರು. ತಾನೇ ಹಾಕಿದ ಗಂಟನ್ನು ತಾನೇ ಬಿಚ್ಚಬಹುದೆಂಬ ತೊಡಕೂ ಇದೆ. ಕರ್ನಾಟಕವು 2002ರ ವಿತ್ತೀಯ ಹೊಣೆಗಾರಿಕೆ ಅಧಿನಿಯಮದಿಂದ ತನ್ನ ಕೊರತೆಗೆ ಮಿತಿ ಹಾಕಿಕೊಂಡಿತು. 2020ರ ಕೋವಿಡ್ ಸಂಕಷ್ಟದಲ್ಲಿ ಶೇ. 3ರ ಮಿತಿಯನ್ನು ಶೇ. 5ಕ್ಕೆ ಸಡಿಲಿಸಬೇಕಾಯಿತು. ಕಟ್ಟು ಬಿಗಿಯಾಗಿರಬೇಕು, ಆದರೆ ಉಸಿರುಗಟ್ಟಿಸಬಾರದು.

ವರ್ತಕರಿಗೂ ಸಣ್ಣ ಉತ್ಪಾದಕರಿಗೂ ಇದರಲ್ಲಿ ಪಾಠವುಂಟು. ತೆರಿಗೆಯ ಹಣಕ್ಕೆ ಪ್ರತ್ಯೇಕ ಖಾತೆ ತೆರೆದರಷ್ಟೇ ಸಾಲದು. ಅದರಿಂದ ಹಣ ತೆಗೆಯಲು ಇಬ್ಬರ ಸಹಿ ಬೇಕೆಂದಿರಲಿ. ಪಾಲುದಾರರು ಸ್ವಂತಕ್ಕೆ ಪಡೆಯಬಹುದಾದ ಹಣದ ಮಿತಿಯೂ, ತುರ್ತಿನಲ್ಲಿ ಅದನ್ನು ಮೀರಲು ಯಾರ ಒಪ್ಪಿಗೆ ಬೇಕೆಂಬುದೂ ಪಾಲುದಾರಿಕೆ ಪತ್ರದಲ್ಲಿ ನಮೂದಾಗಿರಲಿ. ಮನಸ್ಸು ತಿಳಿಯಾಗಿರುವಾಗ ಮಾಡಿದ ಏರ್ಪಾಡು, ಅದು ಚಂಚಲವಾದಾಗ ವ್ಯವಹಾರವನ್ನು ಕಾಯುತ್ತದೆ.