ಹೊಲದ ಬಿಸಿಯನ್ನು ಹೊರದೂಡುವ ಗಾಳಿ

ಬಳ್ಳಿಯಿಂದ ಕೊಯ್ದ ಮೇಲೂ ಹಣ್ಣು ಉಸಿರಾಡುತ್ತದೆ. ತನ್ನೊಳಗಿನ ಸಕ್ಕರೆಯನ್ನು ಕರಗಿಸಿಕೊಂಡು ಇಂಗಾಲದ ಡೈಆಕ್ಸೈಡ್, ನೀರು ಮತ್ತು ಶಾಖವನ್ನು ಹೊರಬಿಡುವ ಈ ಕ್ರಿಯೆ, ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಸುಮಾರು ಎರಡರಿಂದ ಮೂರು ಪಟ್ಟು ಚುರುಕಾಗುತ್ತದೆ. ಆದ್ದರಿಂದ ಚಿಕ್ಕಬಳ್ಳಾಪುರದ ಬೆಂಗಳೂರು ಬ್ಲೂ ದ್ರಾಕ್ಷಿಯ ಗೊಂಚಲು ಬಿಸಿಲಲ್ಲಿ ಕಳೆಯುವ ಪ್ರತಿ ಗಂಟೆಯೂ ಅದರ ಬಾಳಿಕೆಯ ಅವಧಿಯಿಂದಲೇ ಕಡಿತವಾಗುತ್ತದೆ. ಮೊದಲು ತೊಟ್ಟು ಒಣಗಿ ಕಂದಾಗುತ್ತದೆ, ಬಳಿಕ ಹಣ್ಣು ಉದುರತೊಡಗುತ್ತದೆ. ಹಣ್ಣು ತೋಟದಿಂದ ಹೊತ್ತು ತರುವ ಈ ಶಾಖಕ್ಕೆ ‘ಹೊಲದ ಬಿಸಿ’ ಎಂದೂ, ಸಂಗ್ರಹಕ್ಕೆ ಮೊದಲೇ ಅದನ್ನು ತೆಗೆಯುವುದಕ್ಕೆ ‘ಪೂರ್ವಶೀತಲೀಕರಣ’ ಎಂದೂ ಹೆಸರು.

ಶೀತಲಗೃಹವೊಂದಿದ್ದರೆ ಈ ಕೆಲಸ ತಾನಾಗಿ ಮುಗಿಯುತ್ತದೆ ಎಂಬ ಎಣಿಕೆ ಸರಿಯಲ್ಲ. ಒತ್ತಾಗಿ ಪೇರಿಸಿದ ಕ್ರೇಟುಗಳ ಹೊರಗಷ್ಟೇ ತಣ್ಣನೆಯ ಗಾಳಿ ಸುಳಿಯುವುದರಿಂದ ನಡುವಿನ ಹಣ್ಣು ತಣಿಯಲು ಒಂದು ದಿನವೋ ಅದಕ್ಕೂ ಹೆಚ್ಚೋ ಹಿಡಿಯಬಹುದು. ಪೂರ್ವಶೀತಲೀಕರಣ ಯಂತ್ರದಲ್ಲಿ ಕ್ರೇಟುಗಳನ್ನು ನಡುವೆ ಓಣಿಯಂತೆ ಜಾಗ ಬಿಟ್ಟು ಎರಡು ಸಾಲಾಗಿ ಜೋಡಿಸಿ, ಓಣಿಯ ಮೇಲ್ಭಾಗವನ್ನೂ ಒಂದು ತುದಿಯನ್ನೂ ಟಾರ್ಪಾಲಿನಿಂದ ಮುಚ್ಚಿ, ಇನ್ನೊಂದು ತುದಿಯಲ್ಲಿ ಫ್ಯಾನ್ ಇಟ್ಟು ಒಳಗಿನ ಗಾಳಿಯನ್ನು ಹೊರಗೆಳೆಯುತ್ತಾರೆ; ಒಳಗಿನ ಒತ್ತಡ ಕುಗ್ಗಿದ್ದರಿಂದ ಕೋಣೆಯ ತಂಪು ಗಾಳಿ ಕ್ರೇಟಿನ ರಂಧ್ರಗಳ ಮೂಲಕ ಪ್ರತಿ ಗೊಂಚಲನ್ನೂ ಸವರಿಕೊಂಡೇ ನುಗ್ಗಬೇಕಾಗುತ್ತದೆ. ಗಾಳಿ 0 ಡಿಗ್ರಿಯಲ್ಲಿದ್ದು ಹಣ್ಣು 32 ಡಿಗ್ರಿಯಲ್ಲಿದ್ದರೆ, ಸಮಾನ ಅಂತರದ ಮೂರು ಅವಧಿಗಳಲ್ಲಿ ಅದು ಸುಮಾರು 16, 8, 4 ಡಿಗ್ರಿಗೆ ಇಳಿಯುತ್ತದೆ, ಮತ್ತು ಇಡೀ ಕೆಲಸ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ.

ಆದರೆ ಒಂದೇ ತಂಪು ಎಲ್ಲಕ್ಕೂ ಒಗ್ಗದು. ದ್ರಾಕ್ಷಿಗೂ ಗುಲಾಬಿಗೂ 0 ಡಿಗ್ರಿಯ ಆಸುಪಾಸು ಹಿತವಾದರೆ, ಚಿಂತಾಮಣಿಯ ಮಾರುಕಟ್ಟೆಗೆ ಬರುವ ದೋರೆ ಟೊಮೆಟೊ ಸುಮಾರು 12 ಡಿಗ್ರಿಗಿಂತ ಕೆಳಗೆ ಹಲವು ದಿನ ಉಳಿದರೆ ಅದರ ಜೀವಕೋಶಗಳ ಪೊರೆ ಘಾಸಿಗೊಂಡು, ಹಣ್ಣು ಸರಿಯಾಗಿ ಬಣ್ಣಕ್ಕೆ ತಿರುಗದೆ ಕೊಳೆಯುತ್ತದೆ. ಮಾವಿಗೂ ಇದೇ ಅಪಾಯವಿದೆ. ತೋಟದಿಂದ ಮಾರುಕಟ್ಟೆಯವರೆಗಿನ ತಂಪಿನ ಸರಪಳಿ ನಡುವೆ ಕಡಿದರೂ ನಷ್ಟವೇ: ತಣ್ಣಗಿದ್ದ ದ್ರಾಕ್ಷಿಯನ್ನು ಸಾಮಾನ್ಯ ಲಾರಿಗೆ ತುಂಬಿದಾಗ ಹಣ್ಣಿನ ಮೇಲೆ ಗಾಳಿಯ ತೇವ ಹನಿಗಟ್ಟಿ, ಬೂಷ್ಟಿಗೆ ದಾರಿಯಾಗುತ್ತದೆ.

ಬೇಗನೆ ತಣಿಸುವ ಇಂಥ ವ್ಯವಸ್ಥೆಗೆ ಮಾದರಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿಯೇ ಇದೆ. ಗೌರಿಬಿದನೂರು, ಶಿಡ್ಲಘಟ್ಟದಂಥ ತಾಲ್ಲೂಕುಗಳಲ್ಲಿ ಕರೆದಾಗ ಸುಮಾರು 38 ಡಿಗ್ರಿಯಿರುವ ಹಾಲು, ಸಹಕಾರ ಸಂಘದ ಬಲ್ಕ್ ಮಿಲ್ಕ್ ಕೂಲರ್ ಇರುವೆಡೆ ಹಳ್ಳಿಯ ಮಟ್ಟದಲ್ಲಿಯೇ 4 ಡಿಗ್ರಿಗೆ ಇಳಿದು ಬ್ಯಾಕ್ಟೀರಿಯಾಗಳ ಬೆಳವಣಿಗೆ ಕುಂಠಿತವಾಗುತ್ತದೆ. ತರಕಾರಿ, ಹಣ್ಣು, ಹೂವಿಗೂ ಅಂಥ ಕೇಂದ್ರಗಳು ತೋಟಗಳ ಬಳಿಯಲ್ಲಿಯೇ ಬೇಕು. ಕರೆಂಟು ಕೈಕೊಡುವ ಹೊತ್ತಿಗೆ ಮಂಜುಗಡ್ಡೆ ನೆರವಾಗಬಲ್ಲದು. ಒಂದು ಕಿಲೋ ಮಂಜುಗಡ್ಡೆ ಕರಗುವಾಗ ಹೀರುವ ಶಾಖ, ಅಷ್ಟೇ ನೀರನ್ನು 80 ಡಿಗ್ರಿಯಿಂದ 0 ಡಿಗ್ರಿಗೆ ಇಳಿಸುವಾಗ ತೆಗೆಯಬೇಕಾದ ಶಾಖಕ್ಕೆ ಸಮ. ಕೊಳೆತ ಬೆಳೆಯೊಡನೆ ಅದಕ್ಕೆ ಸುರಿದ ಕೊಳವೆಬಾವಿಯ ನೀರೂ ಹಾಳಾಗುವ ಈ ಬರಡು ಸೀಮೆಯಲ್ಲಿ, ಕೊಯ್ಲಿನ ಮೊದಲ ಕೆಲವು ಗಂಟೆಗಳನ್ನು ಕಾಪಾಡುವುದೆಂದರೆ ನೀರನ್ನು ಕಾಪಾಡುವುದೇ ಆಗಿದೆ.