ಎದೆಗೆ ನಂಬರು, ಕಾಲಿಗೆ ಲಗಾಮು

"ಬೆಟ್ಟ ಎಲ್ಲಿಗೂ ಓಡಿಹೋಗಲ್ಲ, ದಿನಾ ಬಿಟ್ಟಿ ಹತ್ತಬಹುದು. ದುಡ್ಡು ಕಟ್ಟಿ, ಬೇಕಂತಲೇ ನಿಧಾನಕ್ಕೆ ಓಡೋಕೆ ಹೋಗೋರು ಅಂದ್ರೆ ನೀವೊಬ್ಬರೇ" ಎಂದಳು ಹೆಂಡತಿ. ಶನಿವಾರ ರಾತ್ರಿ ನಾನು ಬನಿಯನ್ನಿಗೆ ಓಟದ ನಂಬರು ಪಿನ್ನು ಮಾಡುತ್ತ ಕೂತಿದ್ದೆ. ಅವಳ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ಹಾಗಾಗಿ ಪಿನ್ನು ಬೆರಳಿಗೆ ಚುಚ್ಚಿತು ಅಂತ ನೆಪ ಮಾಡಿಕೊಂಡು ಎದ್ದೆ.

ನನ್ನ ಕಣ್ಣಿದ್ದದ್ದು ಜನವರಿಯ ಮೂರನೇ ಭಾನುವಾರದ ಮೇಲೆ. ಮುಂಬೈ ಮ್ಯಾರಥಾನ್, 42.195 ಕಿಲೋಮೀಟರು. ನಾಲ್ಕು ಗಂಟೆಯೊಳಗೆ ಮುಗಿಸಬೇಕೆಂಬ ಹಟ. ಸಮುದ್ರದ ದಂಡೆಯ ಊರು, ರಸ್ತೆಯೆಲ್ಲ ಸಪಾಟು ಎಂದುಕೊಂಡು ಹೋದವರನ್ನು 35 ಕಿಲೋಮೀಟರಿನ ಆಸುಪಾಸಿನಲ್ಲಿ ಪೆಡ್ಡರ್ ರಸ್ತೆಯ ಏರು ಕಾಯುತ್ತಿರುತ್ತದೆ. ಹಾಲು ತರಲು ನಡೆದುಹೋಗುವವರು ಅದನ್ನು ಏರೆಂದು ಗಮನಿಸಲಿಕ್ಕೂ ಇಲ್ಲ. ಅಷ್ಟು ದೂರ ಓಡಿ ಬಂದ ಕಾಲಿಗೆ ಮಾತ್ರ ಫ್ಲೈಓವರೂ ಬೆಟ್ಟವೇ.

ಅದಕ್ಕೇ ಡಿಸೆಂಬರಿನ ಮೊದಲ ಭಾನುವಾರ ಚಾಮುಂಡಿ ಬೆಟ್ಟದ ದಾರಿಯ ಓಟಕ್ಕೆ ಹೆಸರು ಕೊಟ್ಟೆ. ಹೆಚ್ಚುಕಡಿಮೆ ಐದು ಕಿಲೋಮೀಟರು ಹತ್ತು, ಐದು ಇಳಿ, ಕೊನೆಗೆ ಐದು ಸಪಾಟು ರಸ್ತೆ. ಮೈಸೂರು ಇರುವುದೇ ಸಮುದ್ರಮಟ್ಟದಿಂದ ಸುಮಾರು 770 ಮೀಟರು ಎತ್ತರದಲ್ಲಿ, ಬೆಟ್ಟದ ನೆತ್ತಿ ಸಾವಿರ ದಾಟುತ್ತದೆ. ನಡುವಿನ ಅಂತರವನ್ನು ನಮ್ಮ ತೊಡೆ, ಮೀನಖಂಡಗಳೇ ತುಂಬಿಕೊಡಬೇಕು.

ನನಗೆ ಓಟ ಹೇಳಿಕೊಡುವವರು ನಿವೃತ್ತ ಪಿ.ಟಿ. ಮೇಷ್ಟ್ರು. ಅವರ ಪಾಠ ಚಿಕ್ಕದು. "ಹತ್ತುವಾಗ ವಾಚು ನೋಡ್ಬೇಡ, ಉಸಿರು ಕೇಳಿಸ್ಕೊ. ಪಕ್ಕದಲ್ಲಿ ಬರೋರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡೋಕೆ ಆಗ್ಬೇಕು. ಇಳಿಯುವಾಗ ಕುಣೀಬೇಡ. ಕೊನೇ ಐದು ಕಿಲೋಮೀಟರು ಮಾತ್ರ ಮುಂಬೈ ಪೇಸು. ಯಾರು ಮುಂದೆ ಹೋದ್ರೂ ಹೋಗ್ಲಿ ಬಿಡು ಕಣಯ್ಯ, ನಿಂದು ಅವತ್ತು ರೇಸಲ್ಲ, ಹೋಮ್‌ವರ್ಕು." ಮುಂಬೈ ಪೇಸು ಅಂದರೆ ಕಿಲೋಮೀಟರಿಗೆ 5 ನಿಮಿಷ 40 ಸೆಕೆಂಡು.

ಹೋಮ್‌ವರ್ಕನ್ನು ಮನೆಯಲ್ಲೇ ಮಾಡಬಾರದೇ? ಮಾಡಬಹುದು. ಆದರೆ ಓಟದ ದಿನ ಆ ರಸ್ತೆಯಲ್ಲಿ ಬಸ್ಸು, ಕಾರು ಇರುವುದಿಲ್ಲ. ತಿರುವಿನಲ್ಲಿ ನೀರಿನ ಲೋಟ ಹಿಡಿದು ಯಾರೋ ಹುಡುಗರು ನಿಂತಿರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಂಬೈಯ ಬೆಳಗಿನ ಜಾವ ಹೇಗಿರಬಹುದೋ ಅದರ ತಾಲೀಮು ಇಲ್ಲೇ ನಡೆದುಹೋಗುತ್ತದೆ. ನಾಲ್ಕು ಗಂಟೆಗೆ ಎದ್ದು ಬಾಳೆಹಣ್ಣು, ಬ್ರೆಡ್ಡು ತಿಂದರೆ ಹೊಟ್ಟೆ ಒಪ್ಪುತ್ತದೋ ಇಲ್ಲವೋ, ಶೌಚಾಲಯದ ಸಾಲಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಹೊಸ ಕಾಲುಚೀಲ ಎಲ್ಲಿ ಉಜ್ಜುತ್ತದೆ. ಇವೆಲ್ಲ ಒಬ್ಬನೇ ಓಡುವಾಗ ತಿಳಿಯುವ ಸಂಗತಿಗಳಲ್ಲ. ಎದೆಯ ಮೇಲೆ ನಂಬರು ಬಿದ್ದಾಗ ಹೊಟ್ಟೆಯೂ ಬೇರೆ ಥರ ವರ್ತಿಸುತ್ತದೆ.

ಏರಿನಲ್ಲಿ ಓಡಿಸುವುದು ಹಳೆಯ ವಿದ್ಯೆ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಶೂ ಕಾರ್ಖಾನೆಯಲ್ಲಿ ದುಡಿದ ಮನುಷ್ಯ. ಆಕ್ಲೆಂಡ್ ಪಕ್ಕದ ವೈಟಕೆರೆ ಗುಡ್ಡಗಳಲ್ಲಿ 22 ಮೈಲಿಯ, ಅಂದರೆ ಸುಮಾರು 35 ಕಿಲೋಮೀಟರಿನ ಒಂದು ಸುತ್ತಿನ ದಾರಿಯಿತ್ತು. ತನ್ನ ಹುಡುಗರನ್ನು ಆತ ಅಲ್ಲಿ ಓಡಿಸುತ್ತಿದ್ದ. ಅವರಲ್ಲಿ ಪೀಟರ್ ಸ್ನೆಲ್ ಕೂಡ ಒಬ್ಬ. ಎರಡು ನಿಮಿಷದೊಳಗೆ ಮುಗಿದುಹೋಗುವ 800 ಮೀಟರಿನವನಿಗೆ ಗುಡ್ಡದ 35 ಕಿಲೋಮೀಟರು ಏತಕ್ಕೆ ಎಂದು ಕೇಳಿದವರಿಗೆಲ್ಲ 1960ರ ಸೆಪ್ಟೆಂಬರ್ 2ರಂದು ರೋಮ್ ಒಲಿಂಪಿಕ್ಸ್‌ನಲ್ಲಿ ಉತ್ತರ ಸಿಕ್ಕಿತು. ಅದೇ ದಿನ ಸ್ನೆಲ್ 800 ಮೀಟರಿನಲ್ಲೂ, ಇನ್ನೊಬ್ಬ ಶಿಷ್ಯ ಮರ್ರೆ ಹಾಲ್‌ಬರ್ಗ್ 5,000 ಮೀಟರಿನಲ್ಲೂ ಚಿನ್ನ ಗೆದ್ದರು. ನಾನು ಸ್ನೆಲ್ ಅಲ್ಲ ಎನ್ನುವುದು ನನಗೆ ಗೊತ್ತಿದೆ. ಏರು ಮಾತ್ರ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಮಂಡಿ ಎತ್ತಿಸುತ್ತದೆ, ತೋಳು ಬೀಸಿಸುತ್ತದೆ, ನಿಧಾನವಾಗಿ ಹೋಗುವಾಗಲೂ ದಮ್ಮಿನ ಲೆಕ್ಕ ಕೇಳುತ್ತದೆ.

ಭಾನುವಾರ ಮೊದಲ ಮೂರು ಕಿಲೋಮೀಟರು ನಾನು ಮೇಷ್ಟ್ರ ಅಚ್ಚುಮೆಚ್ಚಿನ ಶಿಷ್ಯನಾಗಿದ್ದೆ. ಚಳಿಗೆ ಕಿವಿ ತಣ್ಣಗಿತ್ತು, ಕೆಳಗೆ ಊರಿನ ದೀಪ ಇನ್ನೂ ಆರಿರಲಿಲ್ಲ. ಕ್ಯಾನ್‌ವಾಸ್ ಶೂಸಿನ ಇಬ್ಬರು ಹೈಸ್ಕೂಲ್ ಹುಡುಗರು ಹರಟುತ್ತಲೇ ನನ್ನನ್ನು ದಾಟಿದರು. ಹೋಗಲಿ ಎಂದೆ. ಸೆರಗು ಸೊಂಟಕ್ಕೆ ಬಿಗಿದು, ಸೀರೆಯಲ್ಲೇ ಓಡುತ್ತಿದ್ದ ಅಜ್ಜಿಯೊಬ್ಬರು ದಾಟಿದರು. ಹೋಗಲಿ ಎಂದೆ, ಸ್ವಲ್ಪ ತಡವಾಗಿ. ಮೆಟ್ಟಿಲ ದಾರಿಯಲ್ಲಿ ಹರಕೆ ಹೊತ್ತ ಹೆಂಗಸೊಬ್ಬರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತ ಹತ್ತುತ್ತಿದ್ದರು. ಸಾವಿರಕ್ಕೂ ಮಿಕ್ಕಿದ ಮೆಟ್ಟಿಲು, ಸಾವಿರ ಸಲ ಬಗ್ಗಬೇಕು, ಏಳಬೇಕು. ಆಕೆಯ ಕೈಯಲ್ಲಿ ವಾಚಿರಲಿಲ್ಲ.

ನಂದಿಯ ಹತ್ತಿರ ನನ್ನ ವಿದ್ಯೆ ಕೈಕೊಟ್ಟಿತು. ದೊಡ್ಡ ದೇವರಾಜ ಒಡೆಯರ ಕಾಲದ, ಅಂದರೆ 1659ರಿಂದ 1673ರ ನಡುವೆ ಕಡೆದ ಆ ನಂದಿ ಮುನ್ನೂರೈವತ್ತು ವರ್ಷದಿಂದ ಅವಸರವಿಲ್ಲದೆ ಕೂತಿದೆ. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಹಿಂದಿನಿಂದ ಯಾರೋ ಬೆನ್ನು ತಟ್ಟಿದರು. ನಮ್ಮ ಕಚೇರಿಯ ಮೇಲಿನ ಮಹಡಿಯ, ಲೆಕ್ಕಪತ್ರ ವಿಭಾಗದವರು. "ಏನ್ ಸಾರ್, ಸುಸ್ತಾಯ್ತಾ? ನಿಧಾನಕ್ಕೆ ಬನ್ನಿ, ಪರವಾಗಿಲ್ಲ" ಎಂದು ಮುಂದೆ ಹೋದರು. ಆ 'ಪರವಾಗಿಲ್ಲ'ವನ್ನು ಅವರು ಹೇಳಬಾರದಿತ್ತು.

1936ರ ಬಾಸ್ಟನ್ ಮ್ಯಾರಥಾನಿನ ಕತೆ ಆಗ ನೆನಪಿಗೆ ಬಂದಿದ್ದರೆ ಚೆನ್ನಾಗಿತ್ತು. ಹಿಂದಿನ ವರ್ಷ ಗೆದ್ದಿದ್ದ ಜಾನಿ ಕೆಲ್ಲಿ, ತುಂಬ ಮುಂದಿದ್ದ ಎಲಿಸನ್ ಬ್ರೌನ್‌ನನ್ನು ನ್ಯೂಟನ್ನಿನ ಗುಡ್ಡಗಳಲ್ಲಿ ಹಿಡಿದು, ದಾಟುವಾಗ ಬೆನ್ನು ತಟ್ಟಿದ. ಬ್ರೌನ್ ನ್ಯಾರಗ್ಯಾನ್ಸೆಟ್ ಎಂಬ ಅಮೆರಿಕದ ಮೂಲನಿವಾಸಿ ಬುಡಕಟ್ಟಿನವನು. ತಟ್ಟಿದ್ದೇ ತಡ ಅವನಿಗೆ ಎಲ್ಲಿಲ್ಲದ ಕಸುವು ಬಂತು. ಓಟ ಗೆದ್ದವನು ಅವನೇ, ಕೆಲ್ಲಿ ಐದನೆಯವನಾದ. ಅದನ್ನು ವರದಿ ಮಾಡಿದ ಪತ್ರಕರ್ತ ಜೆರ್ರಿ ನೇಸನ್‌ನಿಂದಾಗಿ ಅಲ್ಲಿನ ಕೊನೆಯ ಏರಿಗೆ 'ಹಾರ್ಟ್‌ಬ್ರೇಕ್ ಹಿಲ್' ಎಂಬ ಹೆಸರು ನಿಂತುಹೋಯಿತು. ಎದೆ ಒಡೆದದ್ದು ಏರಿನದಲ್ಲ, ಕೆಲ್ಲಿಯದು. ಇಷ್ಟಕ್ಕೂ ಆ ಏರಿನ ಎತ್ತರ ಮೂವತ್ತು ಮೀಟರೂ ಇಲ್ಲ.

ನಾನೂ ಬ್ರೌನ್‌ನಂತೆಯೇ ನುಗ್ಗಿದೆ. ಕೈಗಡಿಯಾರ ನಾಡಿಬಡಿತದ ಎಚ್ಚರಿಕೆಯನ್ನು ಎರಡು ಸಲ ಕೀರಲು ದನಿಯಲ್ಲಿ ಕೊಟ್ಟಿತು. ಪೂರ್ತಿ ವಾಕ್ಯದ ಮಾತಿರಲಿ, 'ನೀರು' ಎನ್ನಲೂ ಎರಡು ಉಸಿರು ಬೇಕಾಯಿತು. ಮೇಲಿನ ತಿರುವಿನಲ್ಲಿ ಲೆಕ್ಕಪತ್ರದವರನ್ನು ದಾಟಿದೆ. ಬೆನ್ನು ತಟ್ಟಲಿಲ್ಲ, ಅಷ್ಟು ಸೌಜನ್ಯ ಉಳಿದಿತ್ತು, ಅಥವಾ ಕೈ ಎತ್ತುವ ಶಕ್ತಿ ಉಳಿದಿರಲಿಲ್ಲ.

ಇಳಿಜಾರಿನಲ್ಲಿ ಇನ್ನೂ ದೊಡ್ಡ ತಪ್ಪು ಮಾಡಿದೆ. ಹತ್ತುವುದು ಕಷ್ಟ, ಇಳಿಯುವುದು ಸುಖ ಎಂದು ಉಸಿರು ಹೇಳುತ್ತದೆ. ತೊಡೆಯನ್ನು ಕೇಳಿದರೆ ಬೇರೆಯದೇ ಕತೆ. ಘಾಟಿ ಇಳಿಯುವ ಬಸ್ಸು ಬ್ರೇಕು ಹಿಡಿದುಕೊಂಡೇ ಇಳಿದಂತೆ, ಪ್ರತಿ ಹೆಜ್ಜೆಯಲ್ಲೂ ಮೈಭಾರವನ್ನು ತಡೆಯುವುದು ತೊಡೆಯ ಮುಂಭಾಗದ ಸ್ನಾಯು. ಬಿಗಿದುಕೊಂಡಿರುವಾಗಲೇ ಅದು ಹಿಗ್ಗಬೇಕಾಗುತ್ತದೆ. ಆಗ ಅದರ ಎಳೆಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ನೋವು ಅಂದೇ ಹೇಳಿಕೊಳ್ಳುವುದಿಲ್ಲ, ಮಾರನೆಯ ದಿನ ಶುರುವಾಗಿ ಎರಡನೆಯ, ಮೂರನೆಯ ದಿನಕ್ಕೆ ಜೋರಾಗುತ್ತದೆ. ಒಂದು ಸಮಾಧಾನವೆಂದರೆ, ಹೀಗೆ ಒಮ್ಮೆ ಪೆಟ್ಟು ತಿಂದ ಸ್ನಾಯು ಮುಂದಿನ ಕೆಲವು ವಾರ ಅದೇ ಪೆಟ್ಟಿಗೆ ಅಷ್ಟಾಗಿ ನಲುಗುವುದಿಲ್ಲ. ಮೇಷ್ಟ್ರು ಈ ಓಟವನ್ನು ಮುಂಬೈಗೆ ಆರೇಳು ವಾರ ಮೊದಲು ಇಟ್ಟದ್ದು ಈ ಲೆಕ್ಕದಲ್ಲೇ. ಅವರು ಬರೆದುಕೊಟ್ಟದ್ದು ಒಂದು ಚಮಚ ಔಷಧಿ. ನಾನು ಬಾಟಲಿಯನ್ನೇ ಎತ್ತಿ ಕುಡಿದಿದ್ದೆ.

ಕೊನೆಯ ಐದು ಕಿಲೋಮೀಟರಿನ ವಿಷಯ ಹೆಚ್ಚು ಹೇಳುವಂಥದ್ದಲ್ಲ. 5 ನಿಮಿಷ 40 ಸೆಕೆಂಡಿನಲ್ಲಿ ಆಗಬೇಕಿದ್ದ ಒಂದೊಂದು ಕಿಲೋಮೀಟರೂ ಆರೂವರೆ ನಿಮಿಷ ಹಿಡಿಯಿತು. ಸೀರೆಯ ಅಜ್ಜಿ ಆಗಲೇ ಮುಗಿಸಿ, ಪದಕವನ್ನು ಕೊರಳಿಗೆ ಹಾಕಿಕೊಂಡು ಉಪ್ಪಿಟ್ಟಿನ ಸಾಲಿನಲ್ಲಿದ್ದರು. ಲೆಕ್ಕಪತ್ರದವರು ಯಾವಾಗ ನನ್ನನ್ನು ಮತ್ತೆ ದಾಟಿದರೋ, ನಾನು ರಸ್ತೆ ಬಿಟ್ಟು ಬೇರೇನನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ.

ಸಂಜೆ ಮೇಷ್ಟ್ರು ನನ್ನ ಮೊಬೈಲಿನಲ್ಲಿ ನಾಡಿಬಡಿತದ ಗೆರೆಯನ್ನು ಬೆರಳಲ್ಲಿ ಹಿಂಬಾಲಿಸುತ್ತ ಹೋದರು. ನಂದಿಯ ಹತ್ತಿರ ಬೆರಳು ನಿಂತಿತು.

"ಇಲ್ಲೇನಾಯ್ತು?"

"ಬೆನ್ನು ತಟ್ಟಿದ್ರು ಸಾರ್."

"ಮುಂಬೈಲಿ ಸಾವಿರಾರು ಜನ ಇರ್ತಾರೆ ಕಣಯ್ಯ" ಎಂದರು. ಮೊಬೈಲು ವಾಪಸು ಕೊಟ್ಟು ಕಾಫಿಗೆ ಕೂಗಿದರು.

ಮಂಗಳವಾರ ಕಚೇರಿಯ ಲಿಫ್ಟು ಕೆಟ್ಟಿತ್ತು. ಮಧ್ಯಾಹ್ನ ಊಟಕ್ಕೆಂದು ಕಟಕಟೆ ಹಿಡಿದು, ಮುಖ ಹಿಂದಕ್ಕೆ ಮಾಡಿ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದೆ. ಮೇಲಿನ ತಿರುವಿನಲ್ಲಿ ಇನ್ನೊಂದು ಜೊತೆ ಕಾಲು, ಅದೂ ಹಿಮ್ಮುಖವಾಗಿಯೇ ತಡವರಿಸಿಕೊಂಡು ಬರುವುದು ಕಂಡಿತು. ಲೆಕ್ಕಪತ್ರದವರು. ನಾನು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟೆ.

"ನೀವು ಮುಂದೆ ಹೋಗಿ ಸಾರ್, ಪರವಾಗಿಲ್ಲ."