ಹಳೆಯ ರೆಡಿಸ್ ನಂಬಿ ಕೂರುವ ಕಾಲ ಮುಗಿಯಿತು

2025ರ ಆರಂಭದಲ್ಲಿ ರಾಜ್ಯದ ಆಸ್ತಿ ನೋಂದಣಿ ತಂತ್ರಾಂಶ ಕಾವೇರಿ 2.0 ಮೇಲೆ ಸೈಬರ್ ದಾಳಿ ನಡೆದಾಗ ಉಪನೋಂದಣಿ ಕಚೇರಿಗಳಲ್ಲಿ ಜನ ಪರದಾಡಿದರು. ನಕಲಿ ಕೋರಿಕೆಗಳನ್ನು ಸುರಿದು ಸರ್ವರ್ ಕಟ್ಟಿಹಾಕಿದ ದಾಳಿ ಅದು, ಕಣ್ಣಿಗೆ ಕಂಡಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಅಂಗಡಿ, ಕಾಲೇಜು, ಸಹಕಾರ ಸಂಘಗಳಿಗೆ ಆ್ಯಪ್ ಬರೆದುಕೊಡುವವರು ಈಗ ಕಣ್ಣಿಗೆ ಕಾಣದ ದಾಳಿಗೂ ಹೆದರಬೇಕಿದೆ.

ಅಂಥ ದಾಳಿಗೆ ದಾರಿಯಾಗಬಲ್ಲದ್ದು ರೆಡಿಸ್. ಅದು ಮಾಹಿತಿಯನ್ನು ರ‍್ಯಾಮ್‌ನಲ್ಲೇ ಇಟ್ಟುಕೊಂಡು ಕ್ಷಣದಲ್ಲಿ ಉತ್ತರ ಕೊಡುವ ಡೇಟಾಬೇಸ್. ಲಾಗಿನ್, ಒಟಿಪಿಗಳೆಲ್ಲ ಅದರಲ್ಲೇ ಕೂತಿರುವುದು ಸಾಮಾನ್ಯ. 2025ರ ಅಕ್ಟೋಬರ್‌ನಲ್ಲಿ ಅದರ ಲುವಾ ಸ್ಕ್ರಿಪ್ಟ್ ಭಾಗದಲ್ಲಿ ಸುಮಾರು 13 ವರ್ಷದಿಂದ ಅಡಗಿದ್ದ ದೋಷ ಬಯಲಾಯಿತು. ತೀವ್ರತೆ 10ಕ್ಕೆ 10. ಒಳಹೊಕ್ಕವನು ರೆಡಿಸ್ ಅಷ್ಟೇ ಅಲ್ಲ, ಅದು ಓಡುವ ಯಂತ್ರವನ್ನೇ ವಶಪಡಿಸಿಕೊಳ್ಳಬಲ್ಲ. ಇದಕ್ಕೆ ಮೊದಲು ಲಾಗಿನ್ ಆಗಬೇಕು, ನಿಜ. ಆದರೆ ದೋಷ ಪತ್ತೆಹಚ್ಚಿದ ವಿಜ್ ಸಂಸ್ಥೆಯ ಪ್ರಕಾರ ಅಂತರ್ಜಾಲಕ್ಕೆ ತೆರೆದುಕೊಂಡಿದ್ದ ಸುಮಾರು 3.3 ಲಕ್ಷ ರೆಡಿಸ್‌ಗಳಲ್ಲಿ ಸುಮಾರು 60,000ಕ್ಕೆ ಪಾಸ್‌ವರ್ಡೇ ಇರಲಿಲ್ಲ. ಡಾಕರ್‌ನ ಅಧಿಕೃತ ಇಮೇಜ್‌ನಲ್ಲಿ ಪಾಸ್‌ವರ್ಡ್ ನಾವಾಗಿ ಹಾಕದ ಹೊರತು ಇರುವುದಿಲ್ಲ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ.

6.2, 7.2 ಹಾಗೂ ನಂತರದ ಸಾಲುಗಳಿಗೆ ದುರಸ್ತಿ ಬಂತು. ಮೂರು ವರ್ಷದ ಹಿಂದೆ ಹಾಕಿಕೊಟ್ಟು ಮರೆತ ಸರ್ವರ್‌ಗೆ ಅದು ತಾನಾಗಿ ಬರುವುದಿಲ್ಲ.

ಮರೆಯಲು ಒಂದು ಕಾರಣವೂ ಇದೆ. 2024ರ ಮಾರ್ಚ್‌ನಲ್ಲಿ ರೆಡಿಸ್ ಕಂಪನಿ ಮುಕ್ತ ಪರವಾನಗಿ ಕೈಬಿಟ್ಟಾಗ, ಗೊಂದಲಕ್ಕೆ ಬಿದ್ದು ಹಳೆಯ ಆವೃತ್ತಿಯಲ್ಲೇ ಉಳಿಯುವುದು ಸುಲಭವೆನಿಸಿತು. ಅದೇ ತಿಂಗಳು ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ ರೆಡಿಸ್ 7.2.4ರಿಂದ ಮುಕ್ತ ಪರವಾನಗಿಯ ವಾಲ್ಕಿ ಕವಲೊಡೆಯಿತು. ಅಮೆಜಾನ್, ಗೂಗಲ್, ಒರಾಕಲ್ ಬೆನ್ನಿಗೆ ನಿಂತವು. ಮೈಕ್ರೋಸಾಫ್ಟ್‌ನ ಗಾರ್ನೆಟ್ ಎಂಬ ಪರ್ಯಾಯವೂ ಮುಕ್ತವೇ. ಡ್ರಾಗನ್‌ಫ್ಲೈ ಎಂಬ ಇನ್ನೊಂದು ಪರ್ಯಾಯದ ಕೋಡ್ ಓದಲು ಸಿಗುತ್ತದೆ, ಪರವಾನಗಿ ಮಾತ್ರ ಪೂರ್ತಿ ಮುಕ್ತವಲ್ಲ. ರೆಡಿಸ್ ಕೂಡ 2025ರ ಮೇನಲ್ಲಿ 8ನೇ ಆವೃತ್ತಿಗೆ ಎಜಿಪಿಎಲ್ ಎಂಬ ಮುಕ್ತ ಪರವಾನಗಿ ಸೇರಿಸಿತು.

ನನ್ನ ಆಯ್ಕೆ ವಾಲ್ಕಿ. 7.2ರವರೆಗಿನ ರೆಡಿಸ್‌ನ ದತ್ತಾಂಶ ಕಡತವನ್ನು ಅದು ನೇರವಾಗಿ ಓದುತ್ತದೆ, ಆ್ಯಪ್‌ನ ಕೋಡ್ ಸಾಮಾನ್ಯವಾಗಿ ಮುಟ್ಟಬೇಕಾಗಿಲ್ಲ. 7.4 ದಾಟಿದ ಕಡತಗಳು ಹಾಗೆ ಹೊಂದುವುದಿಲ್ಲ. ಯೋಚಿಸದೆ ಅಪ್‌ಡೇಟ್ ಒತ್ತಿದವರಿಗೆ ಈ ಸುಲಭದ ದಾರಿ ಮುಚ್ಚುತ್ತದೆ. ಒತ್ತದೆ ಕೂತವರ ಮನೆಗೆ ಕಳ್ಳ ಬರುತ್ತಾನೆ.

ವಾಲ್ಕಿಯಲ್ಲೂ ಅದೇ ದೋಷವಿತ್ತು, ಅದಕ್ಕೂ ದುರಸ್ತಿ ಬಂದಿದೆ, ಹಾಕುವಾಗ 7.2.11, 8.0.6, 8.1.4 ಅಥವಾ ಅವುಗಳ ನಂತರದ್ದನ್ನೇ ಹಾಕಿ. ಇಂದೇ ಬದಲಾಯಿಸಲಾಗದವರು 6379ನೇ ಪೋರ್ಟನ್ನು ಹೊರಜಗತ್ತಿಗೆ ಮುಚ್ಚಿ, ಪಾಸ್‌ವರ್ಡ್ ಹಾಕಿ, ಲುವಾ ಸ್ಕ್ರಿಪ್ಟ್ ಓಡಿಸುವ ಇವ್ಯಾಲ್ ಮತ್ತು ಇವ್ಯಾಲ್‌ಶಾ ಆದೇಶಗಳನ್ನು ನಿರ್ಬಂಧಿಸಿ.